ವಿಟಮಿನ್ ರಾಯರು

ಬೆಂಗಳೂರಿನ ಯಾವ ಬಡಾವಣೆಯ ಪಾರ್ಕಿಗಾದರೂ ಬೆಳಗ್ಗೆ ಆರೂವರೆಗೆ ಹೋಗಿ, ವಿಟಮಿನ್ ರಾಯರು ಸಿಕ್ಕೇ ಸಿಗುತ್ತಾರೆ. ರಿಟೈರಾದವರು, ಮಂಕಿ ಕ್ಯಾಪಿನವರು, ಮಗ ಅಮೆರಿಕದಲ್ಲಿರುವವರು. ಮೊದಲು ಆ ಮಗ ಸೂಟ್‌ಕೇಸ್ ತುಂಬ ಚಾಕೊಲೇಟ್ ತರುತ್ತಿದ್ದ. ಅಪ್ಪನಿಗೆ ಶುಗರ್ ಬಂದ ಮೇಲೆ ವಿಟಮಿನ್ ಡಬ್ಬಿ ತರುತ್ತಾನೆ. ಅದರಲ್ಲಿ ಮೀನೆಣ್ಣೆಯ ಕ್ಯಾಪ್ಸೂಲೂ ಉಂಟು. ಮಡಿವಂತರಾದ ರಾಯರು ಅದನ್ನು ‘ಒಮೆಗಾ’ ಎಂದಷ್ಟೇ ಕರೆದು, ಸಂಧ್ಯಾವಂದನೆ ಮುಗಿದ ಮೇಲೆ ನುಂಗುತ್ತಾರೆ.

ಸೊಪ್ಪಿನವಳಿಂದ ಕಟ್ಟು ಬಿಚ್ಚಿಸಿ ಎಲೆಎಲೆ ತಿರುವಿ ನೋಡುವ ರಾಯರು, ಡಬ್ಬಿಯ ಹಿಂದಿನ ಅಕ್ಷರ ಮಾತ್ರ ಓದುವವರಲ್ಲ. ನಮ್ಮ ದೇಶದ ಇಂಥ ಡಬ್ಬಿಗಳ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂದು ಅಚ್ಚು ಹಾಕಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಒಮ್ಮೆ ಅದು ಕಣ್ಣಿಗೆ ಬಿದ್ದಾಗ ರಾಯರಿಗೆ ಪರಮಾನಂದವಾಯಿತು. “ಔಷಧಿ ಅಲ್ಲ ಅಂದ್ಮೇಲೆ ಎಷ್ಟು ತಗೊಂಡ್ರೇನ್ರೀ?”

ದಾನ ಮನೆಯಿಂದಲೇ ಶುರು. ಹೆಂಡತಿ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿದೊಡನೆ, “ಮೂಳೆಗೆ ಒಳ್ಳೇದು ಕಣೇ” ಎಂದು ಕ್ಯಾಲ್ಸಿಯಂ ಕೈಗಿಟ್ಟರು. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಇಲ್ಲವಾದರೆ ಕ್ಯಾಲ್ಸಿಯಂ ಆ ಮಾತ್ರೆಯನ್ನು ಸರಿಯಾಗಿ ರಕ್ತಕ್ಕೆ ಸೇರಗೊಡದು. ಆಕೆಯ ಟಿಎಸ್‌ಎಚ್ ಏರಿತು. ಡಾಕ್ಟರು ಡೋಸ್ ಏರಿಸಿದರು. ರಾಯರು ಕ್ಯಾಲ್ಸಿಯಂ ಏರಿಸಿದರು. ತಾವು ಮಾತ್ರ ಕಬ್ಬಿಣದ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆ ನುಂಗಿ, ಕಾಫಿ ಅದನ್ನು ಮೈಗೆ ಹತ್ತಗೊಡದಿದ್ದಾಗ ಕಂಪನಿಯನ್ನು ಬೈದರು.

ಆಮೇಲೆ ಬಂತು ಡಿ ವಿಟಮಿನ್. 60,000 ಯೂನಿಟ್ಟಿನ ಪೊಟ್ಟಣ, ವಾರಕ್ಕೊಂದು, ಎಂಟು ವಾರ ಎಂದು ಚೀಟಿಯಲ್ಲಿತ್ತು. ಯಾವ ಫೈಲನ್ನೂ ನಾಳೆಗೆ ಇಟ್ಟವರಲ್ಲ ರಾಯರು. ಎಂಟು ದಿನದಲ್ಲಿ ಮುಗಿಸಿ, ಮತ್ತೆ ತರಿಸಿ, ತಿಂಗಳುಗಟ್ಟಲೆ ದಿನಾ ಕುಡಿದರು. ಬಿ, ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ಎ, ಡಿ ಮಾತ್ರ ಮನೆ ಖಾಲಿ ಮಾಡದ ಬಾಡಿಗೆದಾರರಂತೆ ಒಳಗೇ ಬೇರೂರುತ್ತವೆ. ಡಿ ಅತಿಯಾಗಿ ರಕ್ತದ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ತೀರದ ಬಾಯಾರಿಕೆ, ಸುಸ್ತು ಎಲ್ಲ ಹಿಡಿದವು. ಸುಸ್ತಿಗೆಂದು ರಾಯರು ಇನ್ನೊಂದು ಡಬ್ಬಿ ಒಡೆದರು.

ಕೊನೆಗೆ ಹೆಂಡತಿಯೇ ಡಬ್ಬಿಗಳನ್ನೆಲ್ಲ ತರಕಾರಿ ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿದರು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ರಾಯರೇ?”

“ಯಾವ ಔಷಧಿ ತಗೋತೀರಿ ಅಂತ ಕೇಳಿದ್ರಿ. ಇದು ಔಷಧಿ ಅಲ್ಲವಲ್ಲ!”

ಡಾಕ್ಟರು ಕಿಡ್ನಿಯ ಪರೀಕ್ಷೆಗೆ ಬರೆದರು. ಶುಗರಿನ ಮೆಟ್‌ಫಾರ್ಮಿನ್ ಬಿ12 ಇಳಿಸುವುದುಂಟೆಂದು ಅದನ್ನೂ ಪರೀಕ್ಷೆಗೆ ಸೇರಿಸಿದರು. ಫಲಿತಾಂಶ ಬರುವ ತನಕ ಚೀಲಕ್ಕೆ ಚೀಲವೇ ಬಂದ್, ಮುಂದೆ ಯಾವ ಡಬ್ಬಿ ತೆರೆಯುವ ಮುಂಚೆಯೂ ಇಲ್ಲಿ ತೋರಿಸಿ ಎಂದು ಕಟ್ಟಪ್ಪಣೆ ಮಾಡಿದರು.

ರಾಯರು ವಿಧೇಯರಾಗಿ ತಲೆಯಾಡಿಸಿ ಎದ್ದರು. ಬಾಗಿಲ ತನಕ ಹೋದವರು ತಿರುಗಿ, ದನಿ ತಗ್ಗಿಸಿ ಕೇಳಿದರು: “ಒಳಗೆ ಸೇರಿರೋ ವಿಟಮಿನ್ನು ಬೇಗ ಇಳಿಯೋಕೆ ಏನಾದ್ರೂ ಸಪ್ಲಿಮೆಂಟ್ ಇದೆಯಾ, ಡಾಕ್ಟ್ರೇ?”