ಲೈನಿನವರನ್ನೂ ಬರೆಸಿ, ಅಕ್ಕ

ಸಂಜೆ ಆಚೆಮನೆ ಅಕ್ಕನ ಕಣದಲ್ಲಿ ರೋಬಸ್ಟಾ ಕಾಫಿ ಹಣ್ಣು ತೂಗುತ್ತಿದ್ದರು. ಮೆಣಸಿನ ಬಳ್ಳಿ ನೋಡಲು ಹೋಗಿದ್ದ ನಾನು ಬೇಲಿ ಹತ್ತಿರ ನಿಂತೆ. ಚೀಲ ಹೊತ್ತು ಬಂದ ಹನ್ನೊಂದು ಜನರಲ್ಲಿ ಊರಿನವರು ಇಬ್ಬರೇ, ಉಳಿದವರೆಲ್ಲ ಅಸ್ಸಾಮಿನವರು. ಅಕ್ಕ ನೋಟ್‌ಬುಕ್ಕಿನಲ್ಲಿ ಕೆಜಿ ಬರೆದುಕೊಂಡು, ಬೇಲಿಯ ಹತ್ತಿರ ಬಂದರು.

“ಜನಗಣತಿ ಬರುತ್ತಂತಲ್ಲ ಮಾರಾಯ್ತಿ, ಮಗನ ಹೆಸರು ಇಲ್ಲೇ ಬರೆಸಬಹುದಾ?”

“ಆಗಲ್ಲ ಅಕ್ಕ. ಅವನು ಬೆಂಗಳೂರಲ್ಲಿ ಇರೋದಲ್ವಾ, ಅವನ ಲೆಕ್ಕ ಅಲ್ಲೇ.”

“ಹಾಗಾದ್ರೆ ಇಷ್ಟು ದೊಡ್ಡ ಮನೆಗೆ ಇಬ್ಬರೇ ಅಂತ ಬರೆಸೋದಾ?”

ಏನು ಹೇಳಲಿ? ಅಕ್ಕನ ಮನೆಯದ್ದೇ ಜಿಲ್ಲೆಯ ಕಥೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನರಿದ್ದರು. 2011ರಲ್ಲಿ ಎಣಿಸಿದಾಗ 11,37,961. ಹುಟ್ಟಿದವರನ್ನೆಲ್ಲ ಸೇರಿಸಿಕೊಂಡೂ 2,944 ಜನ ಕಡಿಮೆ! ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೊಂದು ಅಂಕಿ. ನಮ್ಮ ಜಿಲ್ಲೆಯಲ್ಲಿ 2001ರಲ್ಲಿ ಸಾವಿರ ಗಂಡಸರಿಗೆ 984 ಹೆಂಗಸರು, 2011ರಲ್ಲಿ 1,008. ಹುಡುಗರು ಬೆಂಗಳೂರು ಬಸ್ಸು ಹತ್ತಿದರು, ಅಮ್ಮಂದಿರು ತೋಟದಲ್ಲಿ ಉಳಿದರು ಅಂತಲೇ ನಾನು ಅದನ್ನು ಓದಿಕೊಳ್ಳುತ್ತೇನೆ.

“ಕುದುರೆಮುಖದವರೂ ಆಗಲೇ ಹೋದದ್ದು,” ಅಂದರು ಅಕ್ಕ. ಹೌದು. 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಗಣಿ ನಿಂತಿತು, ಕ್ವಾರ್ಟರ್ಸುಗಳಿಗೆ ಬೀಗ ಬಿತ್ತು. ಅಕ್ಕನ ಯಜಮಾನರು ಅಲ್ಲಿಗೆ ಬಾಳೆಗೊನೆ, ತರಕಾರಿ ಕೊಡುತ್ತಿದ್ದರಂತೆ. ಗಣಿಯ ದುಡ್ಡು ಕಳಸದ ಅಂಗಡಿಗಳಿಗೂ ಬರುತ್ತಿತ್ತು.

ಹೋದವರ ಹಾಗೆ ಬಂದವರ ಕಥೆಯೂ ಇದೆ. ಕಾಫಿ ತೋಟಕ್ಕೆ ಹೊರಗಿನವರು ಬರುವುದು ಹೊಸದಲ್ಲ. ಮೊದಲು ಘಟ್ಟದ ಕೆಳಗಿನಿಂದ ತುಳು ಮಾತಾಡುವವರು ಬಂದರು, ತಮಿಳು ಮಾತಾಡುವವರೂ ಬಂದರು. ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತರುತ್ತಿದ್ದರು. 1951ರ ತೋಟ ಕಾರ್ಮಿಕರ ಕಾಯ್ದೆ ಬಂದ ಮೇಲೆ ದೊಡ್ಡ ಎಸ್ಟೇಟಿನವರು ವಸತಿ, ಕುಡಿಯುವ ನೀರು, ಕೂಸುಗಳನ್ನು ನೋಡಿಕೊಳ್ಳುವ ಜಾಗ ಕೊಡಲೇಬೇಕಾಯಿತು. ಲೈನು ಅನ್ನುವ ಆ ಸಾಲುಮನೆಗಳಲ್ಲಿ ಬೆಳೆದ ಮಕ್ಕಳು ಓದಿದರು, ಅವರೂ ಪೇಟೆಗೆ ಹೋದರು. ಸಾಹುಕಾರರ ಮಗ, ಆಳಿನ ಮಗ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು ಅನ್ನುವುದು ನನಗೆ ಸಂತೋಷದ ಸಂಗತಿಯೇ. ಆದರೆ ಗಿಡದಲ್ಲಿ ಹಣ್ಣು ಕಾಯುವುದಿಲ್ಲವಲ್ಲ. ಅದಕ್ಕೇ ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ರೈಲು ಹತ್ತಿ ಬರುತ್ತಾರೆ.

ಜನಗಣತಿಯಲ್ಲಿ ಕೆಲಸದ ಬಗ್ಗೆಯೂ ಕೇಳುತ್ತಾರೆ. ಕಳೆದ ಸಲ ಏನು ಬರೆಸಿದ್ದಿರಿ ಅಂತ ಅಕ್ಕನನ್ನು ಕೇಳಿದೆ.

“ಎಂತ ಕೆಲಸ? ಮನೆಯಲ್ಲೇ ಅಂದೆ.”

ನನಗೆ ನಿಜಕ್ಕೂ ಬೇಸರವಾಯಿತು. ಬೆಳಿಗ್ಗೆ ಆರಕ್ಕೆ ಕಣದಲ್ಲಿ ಕಾಫಿ ಕೆದಕುವವರು, ಮಳೆ ಹಿಡಿಯುವ ಮೊದಲು ಗೊಬ್ಬರ ಹಾಕಿಸುವವರು, ಆಳುಗಳ ಲೆಕ್ಕ ಬರೆಯುವವರು ಇವರೇ. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರಿಗೂ ಗಣತಿಯಲ್ಲಿ ಅಲ್ಪಾವಧಿ ದುಡಿಮೆಗಾರರೆಂಬ ಹೆಸರಿದೆ. ವರ್ಷಪೂರ್ತಿ ದುಡಿಯುವ ಅಕ್ಕ ಯಾಕೆ ‘ಮನೆಯಲ್ಲೇ’ ಅನ್ನಬೇಕು? ಈ ಸಲ ಬೇಸಾಯ ಅಂತ ಬರೆಸಿ ಎಂದು ಹಟ ಹಿಡಿದೆ. ಅಕ್ಕ ಒಪ್ಪಿದರು.

2021ರಲ್ಲಿ ಆಗಬೇಕಿದ್ದ ಎಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. ಅಂದರೆ ರೋಬಸ್ಟಾ ಕುಯ್ಲಿನ ನಡುವೆಯೇ. ಎಣಿಸುವ ಟೀಚರು ದೊಡ್ಡಮನೆ ಮುಗಿಸಿ ಹೊರಟರೆ ಕೆಳಗಿನ ಲೈನಿನವರು ಬಿಟ್ಟುಹೋಗುತ್ತಾರೆ. ಹೊಟ್ಟೆಪಾಡಿಗೆ ಇಷ್ಟು ದೂರ ಬಂದವರು ಅವರ ಊರಲ್ಲೂ ಇಲ್ಲ, ನಮ್ಮೂರಲ್ಲೂ ಇಲ್ಲ ಅಂತಾಗಬಾರದು.

“ಟೀಚರನ್ನು ನೀವೇ ಕೆಳಗೆ ಕರ್ಕೊಂಡು ಹೋಗಿ ಅಕ್ಕ. ಹೆಸರೆಲ್ಲ ಗೊತ್ತಲ್ವಾ ನಿಮಗೆ?”

ಅಕ್ಕ ನೋಟ್‌ಬುಕ್ ತೆರೆದು ತೋರಿಸಿದರು. ಅಸ್ಸಾಂ 1, ಅಸ್ಸಾಂ 2, ಅಸ್ಸಾಂ 3. ಮುಂದೆ ಕೆಜಿ. ಸ್ವಲ್ಪ ಹೊತ್ತು ಆ ಪುಟವನ್ನೇ ನೋಡುತ್ತಾ ನಿಂತರು. ಆಮೇಲೆ, ನಲ್ಲಿಯ ಹತ್ತಿರ ಮಗುವಿನ ಕಾಲು ತೊಳೆಯುತ್ತಿದ್ದ ಹೆಂಗಸನ್ನು ಕೈಸನ್ನೆ ಮಾಡಿ ಕರೆದು, ಪೆನ್ನು ಕೈಗೆತ್ತಿಕೊಂಡರು.