ತೊಟ್ಟಿಲಿಗೊಂದು, ಬಾಸಿಂಗಕ್ಕೊಂದು

ನಮ್ಮ ಕಡೆ ಗಂಡುಹುಡುಗನಿಗೆ ಆಯುಷ್ಯದಲ್ಲಿ ಎರಡು ಸಲ ಚಾಕು ಸಿಗುತ್ತದೆ. ಹುಟ್ಟಿದ ಐದನೆಯ ದಿನ, ಶೆಟವಿ ಹಣೆಬರಹ ಬರೆಯಲು ಬರುವ ರಾತ್ರಿ, ತಲೆದೆಸೆಗೆ ಕಬ್ಬಿಣದ್ದೊಂದು: ಅಡಕತ್ತರಿಯೋ ಕುಡಗೋಲೋ, ಕೈಗೆ ಸಿಕ್ಕಿದ್ದು. ಆಮೇಲೆ ಮದುವೆಯ ದಿನ, ತುದಿಗೆ ಲಿಂಬೆಹಣ್ಣು ಚುಚ್ಚಿದ್ದು. ನಡುವಿನ ಇಪ್ಪತ್ತೆಂಟು ಮೂವತ್ತು ವರ್ಷ ಕೇಳಿಬರುವುದು ಒಂದೇ ಮಾತು: "ಕೆಳಗ ಇಡಲೇ, ಕೈ ಕೊಯ್ಕೋತಿ." ಹೀಗೆ ಬೆಳೆದ ಗಂಡಸು ಬಾಸಿಂಗ ಕಟ್ಟಿಕೊಂಡು ಚಾಕು ಹಿಡಿದು ನಿಂತಾಗ, ಎಲ್ಲರಿಗಿಂತ ಹೆಚ್ಚು ಹೆದರಿದವನು ಅವನೇ ಆಗಿರುತ್ತಾನೆ. ನಮ್ಮ ಮನೆಯವರು ಮೈಸೂರು ಕಡೆಯವರು, ಅವರಿಗೆ ಈ ಎರಡೂ ಸಿಗಲಿಲ್ಲ. ಮಾವಿನಹಣ್ಣನ್ನು ಇವತ್ತಿಗೂ ಹಿಚುಕಿಯೇ ತಿನ್ನುತ್ತಾರೆ.

ಮಗ ಹುಟ್ಟಿದ್ದು ಜ್ಯೂರಿಕ್‌ನಲ್ಲಿ. ಬಾಣಂತನಕ್ಕೆಂದು ನಮ್ಮೂರು ಅಮ್ಮಿನಬಾವಿಯಿಂದ ಬಂದ ಅವ್ವನ ಸೂಟ್‌ಕೇಸಿನಲ್ಲಿ ಅಂಟಿನುಂಡಿ, ಬಜೆ, ಮತ್ತು ಅಡಕತ್ತರಿ. ಆ ದೇಶದಲ್ಲಿ ಹೆರಿಗೆಯಾದ ಮೇಲೆ ಸೂಲಗಿತ್ತಿ ಮನೆಗೇ ಬಂದು ಕೂಸನ್ನು ತೂಕ ಮಾಡಿ, ಬಾಣಂತಿಯನ್ನು ವಿಚಾರಿಸಿ ಹೋಗುತ್ತಾಳೆ. ತೊಟ್ಟಿಲ ಹಾಸಿಗೆ ಸರಿಮಾಡಹೋದವಳ ಕೈಗೆ ಅಡಕತ್ತರಿ ಬಂತು. ತಿರುವಿ ತಿರುವಿ ನೋಡಿ, "ಹೊಕ್ಕುಳಬಳ್ಳಿಯ ಕೆಲಸ ಆಸ್ಪತ್ರೆಯಲ್ಲೇ ಮುಗಿದಿದೆಯಲ್ಲ?" ಎಂದು ಮೆಲ್ಲಗೆ ಕೇಳಿದಳು. ಹಡೆದವಳಿಗೆ ವೀಳ್ಯ ಕೊಡುವ ಪದ್ಧತಿ ಎಂದು ನಾನು ತೇಪೆ ಹಾಕಿದೆ. ಅವ್ವ ಅವಳ ಕೈಯಿಂದ ಕಸಿದುಕೊಂಡು ಮತ್ತೆ ತೊಟ್ಟಿಲಿಗೇ ಇಟ್ಟಳು.

ಮಗನಿಗೆ ಹಲ್ಲು ಬಿದ್ದು ಹಲ್ಲು ಬರುವ ವಯಸ್ಸಿಗೆ ಶಿಶುವಿಹಾರದಿಂದ ಚೀಟಿ ಬಂತು: ಕಾಡಿಗೆ ಹೋಗುವ ದಿನ ಮಕ್ಕಳು ಕಡ್ಡಿ ಕೆತ್ತುತ್ತಾರೆ, ಹೆಸರು ಬರೆದ ಚಾಕು ಕೊಟ್ಟು ಕಳಿಸಬಹುದು. ಅಲ್ಲಿ ಮಕ್ಕಳು ಕೊರಳಿಗೆ ಮಿನುಗುವ ತ್ರಿಕೋನ ಪಟ್ಟಿ ಹಾಕಿಕೊಂಡು ತಾವೇ ನಡೆದು ಶಿಶುವಿಹಾರಕ್ಕೆ ಹೋಗುತ್ತಾರೆ. ಮನೆಯವರು ಇನ್ನೂ ಅದನ್ನೇ ಅರಗಿಸಿಕೊಂಡಿರಲಿಲ್ಲ. "ಚಾಕೂನಾ? ಬೇಡ ಕಣೇ, ಕುಯ್ಕೋತಾನೆ" ಎಂದರು. ಅಮ್ಮಿನಬಾವಿಗೆ ಫೋನ್ ಹೋಯಿತು. ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕುಡಿಯುವ ಮಲಪ್ರಭೆಯ ನೀರು ಸೋಸಿ ಹೋಗುವುದು ನಮ್ಮೂರಿನಿಂದ. ಅವ್ವನ ಮಾತು ಮಾತ್ರ ಸೋಸದೆ ಬರುತ್ತದೆ. "ಕೊಯ್ಕೊಂಡ್ರ ಅರಿಷಿಣ ಮೆತ್ತು. ಹೇಳವರ್ಗೆ ಏನ್ ರೋಗ!"

ಚಾಕು ಕೊಳ್ಳಲು ಹೋದೆವು. ಅಂಗಡಿಯವರು ವಯಸ್ಸಾದವರು. ನಮ್ಮಿಬ್ಬರ ಮುಖ ನೋಡಲಿಲ್ಲ, ಹುಡುಗನ ಹೆಬ್ಬೆರಳ ಉಗುರು ನೋಡಿದರು. ಹೆಚ್ಚಿನ ಮಡಚುವ ಚಾಕುಗಳ ಅಲಗನ್ನು ಒಳಗಿನ ಸ್ಪ್ರಿಂಗ್ ಬಿಗಿ ಹಿಡಿದಿರುತ್ತದೆ. ಉಗುರು ಸಿಕ್ಕಿಸಿ ತಾನೇ ತೆಗೆದು ತಾನೇ ಮಡಚಲು ಬಾರದವನಿಗೆ ಅವರು ಚಾಕು ಮಾರುವುದಿಲ್ಲವಂತೆ. ಮೊದಲು ಫ್ರಾನ್ಸಿನ ಒಪಿನೆಲ್ ತೋರಿಸಿದರು. ಮರದ ಹಿಡಿ, ದುಂಡು ತುದಿ, ತೆಗೆದ ಮೇಲೆ ಉಂಗುರ ತಿರುವಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುವುದಿಲ್ಲ. ಮಗನ ಕಣ್ಣು ಕೆಂಪು ಬಣ್ಣದ್ದರ ಮೇಲಿತ್ತು: ಮಕ್ಕಳಿಗೆಂದೇ ವಿಕ್ಟೋರಿನಾಕ್ಸ್‌ನವರು ತುದಿ ದುಂಡಗೆ ಮಾಡಿದ್ದು. ಮನೆಯವರು "ಇದರಲ್ಲೇ ಸ್ವಲ್ಪ ಮೊಂಡು ಇರೋದು ಸಿಗುತ್ತಾ?" ಎಂದರು. ಮುದುಕರಿಗೆ ಎದೆಗೆ ಒದ್ದಂತಾಯಿತು. ಮೊಂಡಾದಷ್ಟೂ ಬಲ ಹಾಕಿ ಒತ್ತಬೇಕು, ಒತ್ತಿದರೆ ಜಾರುತ್ತದೆ, ಜಾರಿದರೆ ಬೆರಳು. ಅವ್ವ ಈಳಿಗಿ ಮುಂದೆ ಕೂತು ಇದನ್ನೇ ನನಗೆ ಎಷ್ಟು ಸಲ ಹೇಳಿಲ್ಲ!

ಕೊಳ್ಳುವ ಮುನ್ನ ಆ ಕೆಂಪು ಚಾಕುವನ್ನು ಅವ್ವನಿಗೆ ವಿಡಿಯೋದಲ್ಲಿ ತೋರಿಸಿ, ಅದರ ಚರಿತ್ರೆಯನ್ನೂ ಹೇಳಿದೆ: ಕಾರ್ಲ್ ಎಲ್ಸೆನರ್ ಎಂಬವನು 1884ರಲ್ಲಿ ಶ್ವಿಜ್ ಸೀಮೆಯ ಈಬಾಖ್ ಊರಲ್ಲಿ ಚಾಕುವಿನ ಕೆಲಸ ಶುರುಮಾಡಿದ, 1891ರಲ್ಲಿ ಸೈನ್ಯಕ್ಕೆ ಕೊಟ್ಟ, 1897ರಲ್ಲಿ ಅಧಿಕಾರಿಗಳ ಚಾಕುವಿಗೆ ಹಕ್ಕು ನೋಂದಾಯಿಸಿದ. ಅವ್ವ ಆಕಳಿಸಿದಳು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರನ್ನೇ ಸರಕಿಗೆ ಇಟ್ಟ ಎಂದಾಗ ಎದ್ದು ಕೂತಳು. "ಅವ್ವನ ಹೆಸರ ಇಟ್ಟಾನಲ್ಲ, ಚೊಲೋ ಮಗ. ತಗೋ ಅದನ್ನ."

ಆ ವರ್ಷ ಅಕ್ಟೋಬರ್ ರಜೆಗೇ ಮಹಾನವಮಿ ಬಂದಿತ್ತು. ಊರಿಗೆ ಹೊರಟೆವು. ಯುರೋಪಿನ ವಿಮಾನದಲ್ಲಿ 6 ಸೆಂಟಿಮೀಟರ್ ತನಕದ ಅಲಗು ಕೈಚೀಲದಲ್ಲೇ ನಡೆಯುತ್ತದೆ, ನಮ್ಮ ದೇಶದ ವಿಮಾನಕ್ಕೆ ಯಾವ ಚಾಕುವೂ ಆಗದು. ದೊಡ್ಡ ಪೆಟ್ಟಿಗೆಗೆ ಹಾಕಿದೆವು. ದಾರಿಯುದ್ದಕ್ಕೂ ಮಗ ಅದರ ಕ್ಷೇಮ ಕೇಳುತ್ತಿದ್ದ.

ಅಮ್ಮಿನಬಾವಿಯ ಪಡಸಾಲೆಯಲ್ಲಿ ಅವನು ಟೀಚರ್ ಕಲಿಸಿದ ಕಾಯಿದೆ ಜಾರಿಗೆ ತಂದ. ಕೂತೇ ಕೊಯ್ಯಬೇಕು. ಕೈ ಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು. ಅಲಗು ಮೈಯಿಂದ ಆಚೆಗಿರಬೇಕು. ಏಳುವ ಮೊದಲು ಮಡಚಬೇಕು. ಅವ್ವ ಮಣೆಯ ಮೇಲೆ ಕಾಲೂರಿ ಈಳಿಗಿಗೆ ಬದನೆಕಾಯಿ ಕೊಡುತ್ತಿದ್ದಳು.

"ಆಯಿ, ಅಲಗು ನಿನ್ನ ಕಡೆ ಐತಿ!"

"ಮತ್ತ ಯಾರ ಕಡೆ ಇರಬೇಕಪಾ? ಬದನಿಕಾಯಿ ಇರೂದು ನನ್ನ ಕೈಯಾಗ."

"ಮಡಚಾಕ ಬರತೈತೇನ?"

ಅವ್ವ ಪಟ್ಟನೆ ಈಳಿಗಿ ಮಡಚಿ ತೋರಿಸಿದಳು. ತುದಿಯಲ್ಲಿ ಕೊಬ್ಬರಿ ತುರಿಯುವ ಹಲ್ಲೂ ಇತ್ತು. ಮಗ ತನ್ನ ಚಾಕುವಿನ ಹಲ್ಲುಕಡ್ಡಿ ಹೊರತೆಗೆದ. ಅವ್ವ ಅದನ್ನು ಕಂಡು ನಕ್ಕಿದ್ದನ್ನು ಎಲ್ಸೆನರ್ ಮನೆತನ ಕೇಳದಿರಲಿ.

ಖಂಡೆ ಪೂಜೆಗೆ ಅಪ್ಪ ಕೊಡಲಿ, ಕುಡಗೋಲು, ಕುರ್ಚಿಗಿ, ಈಳಿಗಿ ಎಲ್ಲ ತೊಳೆದು ಸಾಲಾಗಿಟ್ಟು, ಕೊನೆಗೆ ಕೆಂಪು ಚಾಕುವಿಗೂ ವಿಭೂತಿ ಬಳಿದು ಹೂ ಏರಿಸಿದ. ಮಗ ಹಿಗ್ಗಿದ್ದು ಸ್ವಲ್ಪ ಹೊತ್ತು. ಪೇರಲ ಹಣ್ಣು ತಂದು ಚಾಕು ಕೇಳಿದ. ಪೂಜೆಗೆ ಕೂತದ್ದನ್ನು ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಮನೆಯಲ್ಲಿ ಕೊಯ್ಯುವಂಥದ್ದೆಲ್ಲ ದೇವರಾಗಿತ್ತು.

"ಹಲ್ಲ ಎದಕ್ಕ ಕೊಟ್ಟಾನೋ ಶಿವ?" ಎಂದ ಅಪ್ಪ.

ಮಗ ಬಾಯಿ ತೆರೆದು ತೋರಿಸಿದ: ಮುಂದಿನ ಎರಡೂ ಬಿದ್ದಿದ್ದವು. ಅಪ್ಪನೂ ತನ್ನದು ತೆರೆದು ತೋರಿಸಿದ, ಅಲ್ಲಿ ಪರಿಸ್ಥಿತಿ ಇನ್ನೂ ಖಾಲಿ. ಆಮೇಲೆ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದು ಕಟ್ಟೆಯ ಕಲ್ಲಿನ ಮೇಲಿಟ್ಟು, ರೊಟ್ಟಿಗೆ ನಂಚಿಕೊಳ್ಳಲು ಯಾವಾಗಲೂ ಮಾಡುವಂತೆ ಮುಷ್ಟಿ ಕಟ್ಟಿ ಒಂದು ಗುದ್ದಿದ. ಉಳ್ಳಾಗಡ್ಡಿ ನಾಲ್ಕು ಹೋಳಾಗಿ ಬಾಯಿ ಬಿಟ್ಟಿತು. ಈಬಾಖ್‌ನ ಯಾವ ಸರಕನ್ನೂ ಮಗ ಹಾಗೆ ಕಣ್ಣರಳಿಸಿ ನೋಡಿರಲಿಲ್ಲ.

ಬನ್ನಿ ಕೊಟ್ಟು ಬಂದ ಮೇಲೆ ಚಾಕು ಪೂಜೆಯಿಂದ ಎದ್ದಿತು, ಒಯ್ಯಲು ಮಾಲೀಕನೇ ಬರಲಿಲ್ಲ. ಅವನು ಓಣಿಯ ಹುಡುಗರನ್ನೆಲ್ಲ ಕೈ ಚಾಚಿದಷ್ಟು ದೂರ ನಿಲ್ಲಿಸಿ, ತಾನು ಕೂತು, ಉಳ್ಳಾಗಡ್ಡಿ ಗುದ್ದುತ್ತಿದ್ದ. ಅವ್ವ ಬುಟ್ಟಿ ಬಚ್ಚಿಡಲು ಓಡಿದಳು. ಮನೆಯವರ ಮುಖದಲ್ಲಿ ಮಾತ್ರ ಎಂದೂ ಕಾಣದ ಸಮಾಧಾನ.

"ಮುಷ್ಟಿಯನ್ನ ವಿಮಾನದೊಳಗೆ ಬಿಡ್ತಾರೆ ಕಣೇ" ಎಂದರು.