ಸತ್ಯಭಾಮೆಯ ಕೈಗೆ ಲೇಖನಿ

ಗೋಕಾಕ ಎಂದರೆ ಹೊರಗಿನವರಿಗೆ ನಾಲಿಗೆಯ ಮೇಲೆ ಕರದಂಟು, ಕಣ್ಣೆದುರು ಘಟಪ್ರಭೆಯ ಜಲಪಾತ. ನಮಗೆ ಇನ್ನೂ ಒಂದಿದೆ, ಪಾರಿಜಾತ. ಹೂವಲ್ಲ, ಆಟ. ನಾರದ ತಂದ ಒಂದೇ ಒಂದು ಹೂವನ್ನು ಕೃಷ್ಣ ರುಕ್ಮಿಣಿಯ ಮುಡಿಗೇರಿಸಿದನೆಂದು ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಆ ಮುನಿಸು ಇಳಿಯುವ ಹೊತ್ತಿಗೆ ಮೂಡಲ ದಿಕ್ಕು ಕೆಂಪಾಗಿರುತ್ತದೆ. ಒಂದು ಮೊಳ ಮಲ್ಲಿಗೆಯಲ್ಲಿ ಮುಗಿಯಬಹುದಾದ ಜಗಳವನ್ನು ಕಂಬಳಿ ಹೊದ್ದು ಬೆಳ್ಳಂಬೆಳಗು ನೋಡಿದ ಜನ ನಾವು.

ಈ ಜಗಳವನ್ನು ಕಾವ್ಯವಾಗಿ ಬರೆದವನು ಅಪರಾಳ ತಮ್ಮಣ್ಣ, ಆಟವಾಗಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಹೆಣ್ಣಿನ ಸಿಟ್ಟನ್ನು ಇಬ್ಬರು ತಮ್ಮಣ್ಣರು ಸೇರಿ ರೂಪಿಸಿದರು; ಆಡುವುದಕ್ಕೂ ಬಹುಕಾಲ ಗಂಡಸರೇ ಮೀಸೆ ಬೋಳಿಸಿಕೊಂಡು ಸೀರೆ ಉಟ್ಟರು. ಕೌಜಲಗಿ ನಿಂಗಮ್ಮನಂಥವರು ರಂಗಕ್ಕೆ ಬಂದ ಮೇಲೆಯೇ ಪಾರಿಜಾತಕ್ಕೆ ಹೆಣ್ಣಿನ ದನಿ ಬಂತು. ಕುಲಗೋಡ ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿನಲ್ಲಿದೆ. ಪಾಲಾದಾಗ ಜಲಪಾತ ನಮಗೆ ಉಳಿಯಿತು, ಸತ್ಯಭಾಮೆ ಅವರ ಪಾಲಿಗೆ ಹೋದಳು. ಅವರಿಗೇ ಲಾಭವಾಯಿತೆಂದು ನನ್ನ ಗುಮಾನಿ. ನೀರು ಬೇಸಿಗೆಯಲ್ಲಿ ಬತ್ತುತ್ತದೆ, ಸತ್ಯಭಾಮೆಯ ಬಾಯಿ ಬತ್ತಿದ್ದನ್ನು ಯಾರೂ ಕಂಡಿಲ್ಲ.

ಆದರೂ ಒಂದು ಮಾತು ಕೊರೆಯುತ್ತಲೇ ಇರುತ್ತದೆ. ಜನ್ಮವಿಡೀ ಇನ್ನೊಬ್ಬರು ಬರೆದುಕೊಟ್ಟದ್ದನ್ನು ಆಡುವ ನಟಿ, ತನ್ನದನ್ನು ಆಡುವುದು ಯಾವಾಗ?

ಅದಕ್ಕೆ ಉತ್ತರ ಕೊಟ್ಟವರು ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯ ರಾಜಮ್ಮ. 1914ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಮರಾಠಿ ಸಿನೆಮಾಕ್ಕೆ ಹೋಗಿ ಶಾಂತಾ ಹುಬ್ಳೀಕರ ಆದವರು. ಹೆಸರು ಬದಲಾಯಿತು, ಊರು ಮಾತ್ರ ಬಾಲದ ಹಾಗೆ ಜೊತೆಗೇ ಹೋಯಿತು. 1939ರಲ್ಲಿ ಪ್ರಭಾತ್ ಕಂಪನಿಯ ವಿ. ಶಾಂತಾರಾಮ್ ‘ಮಾಣೂಸ್’ ತೆಗೆದರು. ಪ್ರಭಾತ್ ಅಂದರೂ ದೂರದ್ದಲ್ಲ. ಪುಣೆಗೆ ಹೋಗುವ ಮುನ್ನ ಅದು ಹುಟ್ಟಿದ್ದು ನಮ್ಮ ಸಂಕೇಶ್ವರ ದಾಟಿ, ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಲಾಪುರದಲ್ಲಿ. ಚಿತ್ರದಲ್ಲಿ ಶಾಂತಾಬಾಯಿಯದು ಮೈನಾ ಎಂಬ ವೇಶ್ಯೆಯ ಪಾತ್ರ. ಅವಳನ್ನು ಪ್ರೀತಿಸುವವನು ಒಬ್ಬ ಪೊಲೀಸ್ ಪೇದೆ, ಆ ಪಾತ್ರದಲ್ಲಿ ಶಾಹು ಮೋಡಕ್. ನಾಳೆಯ ಮಾತು ಯಾಕೆ ಎಂದು ಮೈನಾ ಹಾಡುವ ಹಾಡು ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತದೆ, ಥೇಟ್ ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಗದ್ದಲದ ಹಾಗೆ. ಮುಂದೆ ಶಾಂತಾಬಾಯಿ ಕನ್ನಡಕ್ಕೂ ಬಂದು 1942ರ ‘ಜೀವನ ನಾಟಕ’ದಲ್ಲಿ ನಟಿಸಿದರು.

ನಾಳೆಯ ಗೊಡವೆ ಬೇಡ ಎಂದು ಹಾಡಿದವರ ಬಾಗಿಲಿಗೇ ನಾಳೆ ಬಂದು ನಿಂತಿತು. ಹೆಸರು ಮಾಸಿತು. ಇಳಿವಯಸ್ಸಿನಲ್ಲಿ ಆಶ್ರಮವೇ ಮನೆಯಾಯಿತು. 1990ರಲ್ಲಿ ಆತ್ಮಕಥೆ ಹೊರಬಂದಾಗ ಅದಕ್ಕಿಟ್ಟ ಹೆಸರು ಅದೇ ಹಾಡಿನದು, ‘ಕಶಾಲಾ ಉದ್ಯಾಚೀ ಬಾತ್’. ಇನ್ನೊಬ್ಬರಾಗಿದ್ದರೆ ‘ಕಣ್ಣೀರ ಕಥೆ’ ಎಂದೇನೋ ಇಡುತ್ತಿದ್ದರು. ಈ ಹೆಸರಿನಲ್ಲಿ ಇರುವುದು ದುಃಖವಲ್ಲ, ತುಂಟತನ ಎಂದೇ ನಾನು ತಿಳಿದಿದ್ದೇನೆ. ಎರಡು ವರ್ಷಕ್ಕೆ ತೀರಿಕೊಂಡರು.

ಪುಸ್ತಕ ಮರಾಠಿಯದು. ಧಾರವಾಡದವರು ಇದಕ್ಕೆ ಮುಖ ಸಣ್ಣ ಮಾಡಿಯಾರು, ಗಡಿಯ ಹತ್ತಿರದ ಹುಕ್ಕೇರಿಯವರು ಮಾಡುವುದಿಲ್ಲ. ಅಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಕುದುರುವುದುಂಟು. ಗಡಿಯೆಂದರೆ ಎಲ್ಲ ಕಡೆಯೂ ಹೀಗೆಯೇ ಇರಬೇಕು. ಸರ್ಬಿಯಾದಲ್ಲಿ ಹಂಗೇರಿಯ ಗಡಿಗೆ ಅಂಟಿಕೊಂಡ ಸುಬೊಟಿತ್ಸಾ ಎಂಬ ಊರಿದೆ. 1941ರಲ್ಲಿ ಅಲ್ಲಿ ಹುಟ್ಟಿದ ಎವಾ ರಾಸ್ ಎಂಬ ನಟಿ 1967ರಲ್ಲಿ ಮಕವೆಯೆವ್ ಎಂಬ ನಿರ್ದೇಶಕನ ಚಿತ್ರದಲ್ಲಿ ಟೆಲಿಫೋನ್ ಆಪರೇಟರ್ ಆಗಿ ಹೆಸರು ಮಾಡಿದಳು. ಮನೆಯ ಮಾತು ಹಂಗೇರಿಯನ್. ಆಮೇಲೆ ಕಥೆ, ಕಾದಂಬರಿ, ಕವಿತೆ ಬರೆದದ್ದು ಸರ್ಬಿಯನ್ನಿನಲ್ಲಿ. ಸಾಲದ್ದಕ್ಕೆ ಚಿತ್ರವನ್ನೂ ಬಿಡಿಸಿದಳು.

ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರದು ತಿರುವುಮುರುವು ದಾರಿ. ಮೊದಲು ಕಾವ್ಯ, ನಾಟಕ, ಆಮೇಲೆ ಸಿನೆಮಾ. ಅವರ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು, ಕಂಬಾರರಿಗೆ 2010ರ ಜ್ಞಾನಪೀಠ. ಬರೆಯುವ ಗಂಡಸು ಸಿನೆಮಾಕ್ಕೆ ಹೋದರೆ ಊರು ಬಾಜಾ ಬಜಂತ್ರಿ ಸಮೇತ ಕಳಿಸುತ್ತದೆ. ಸಿನೆಮಾದ ಹೆಂಗಸು ಬರೆಯಲು ಕೂತರೆ ಮಾತ್ರ ಬಹಳ ಮಂದಿಗೆ ಎದೆ ಡವಡವ ಎನ್ನುತ್ತದೆ, ಅದರಲ್ಲಿ ತಮ್ಮ ಹೆಸರೆಲ್ಲಿ ಬಂದೀತೋ ಎಂದು.

ಹುಕ್ಕೇರಿಯಲ್ಲಿರುವ ನನ್ನ ಸೋದರತ್ತೆಗೆ ಪಾರಿಜಾತದ ಹಾಡುಗಳೆಲ್ಲ ಬಾಯಿಪಾಠ. ಸತ್ಯಭಾಮೆಯ ಸಿಟ್ಟು ಅಭಿನಯವಿಲ್ಲದೆಯೇ ಬರುತ್ತದೆ. ಶಾಂತಾಬಾಯಿಯ ಕಥೆಯನ್ನೆಲ್ಲ ಹೇಳಿ, “ಅತ್ತಿ, ನೀನೂ ನಿನ್ನ ಕಥಿ ಬರಿ” ಎಂದೆ.

“ಬರದ್ರ ನಿಮ್ಮ ಮಾಮಾ ಓದ್ತಾರಲ್ಲೋ!” ಎಂದಳು.

ಸ್ವಲ್ಪ ಹೊತ್ತು ಶೇಂಗಾ ಸುಲಿದಳು. ಆಮೇಲೆ, “ಹಾಳಿ ತಂದಿಡು. ಆದ್ರ ಅವರು ಮೊದಲ ಸಂತಿಗೆ ಹೋಗ್ಲಿ” ಎಂದಳು.